ರೋಗಿ ಸದಸ್ಯರ ಕುರ್ಚಿ

ನಮ್ಮ ಪ್ರಯೋಗಾಲಯದಲ್ಲಿ ನಡೆಯುವುದು ಎರಡೇ ಕೆಲಸ. ಒಂದು, ನೀರಿನಿಂದ ಗಾಳಿ ತೆಗೆಯುವುದು. ಇನ್ನೊಂದು, ಹಾಗೆ ತೆಗೆದ ಗಾಳಿಯನ್ನು ಅನುದಾನದ ಅರ್ಜಿಗೆ ತುಂಬುವುದು. ಮೊದಲನೆಯದಕ್ಕೆ ಪಂಪಿದೆ. ಎರಡನೆಯದಕ್ಕೆ ನಾನಿದ್ದೇನೆ.

ಗಾಳಿ ಯಾಕೆ ತೆಗೆಯಬೇಕು ಅಂದರೆ ಅಲ್ಟ್ರಾಸೌಂಡಿಗೆ ಗುಳ್ಳೆಗಳನ್ನು ಕಂಡರಾಗದು. ಬಸುರಿಯ ಹೊಟ್ಟೆಯೊಳಗಿನ ಕೂಸನ್ನು ತೋರಿಸುವ ಅಲ್ಟ್ರಾಸೌಂಡ್ ಎಲ್ಲರಿಗೂ ಗೊತ್ತು. ನಮ್ಮದು ತೋರಿಸುವ ಜಾತಿಯದ್ದಲ್ಲ, ಸುಡುವ ಜಾತಿಯದ್ದು. ಮಿದುಳಿನಲ್ಲಿ ಕೈನಡುಕ ಹುಟ್ಟಿಸುವ ಒಂದು ಕಾಳಿನಷ್ಟು ಜಾಗವಿದೆ. ತಲೆಗೆ ಹೆಲ್ಮೆಟ್ಟಿನಂಥದ್ದನ್ನು ತೊಡಿಸಿ, ಹೆಲ್ಮೆಟ್ಟಿಗೂ ತಲೆಗೂ ನಡುವೆ ನೀರು ತುಂಬಿಸಿ, ನಾಲ್ಕೂ ಕಡೆಯಿಂದ ಶಬ್ದವನ್ನು ಆ ಒಂದೇ ಕಾಳಿಗೆ ಗುರಿಯಿಟ್ಟು ಬಿಟ್ಟರೆ ಅದು ಬೆಂದುಹೋಗುತ್ತದೆ, ಕೈ ನಿಲ್ಲುತ್ತದೆ. ಬುರುಡೆ ಕೊರೆಯಬೇಕಾಗಿಲ್ಲ, ರಕ್ತವಿಲ್ಲ. ಅಂಥ ಯಂತ್ರ ಜಗತ್ತಿನಲ್ಲಿ ಇಲ್ಲವೆಂದಲ್ಲ, ದುಡ್ಡಿದ್ದವರ ಆಸ್ಪತ್ರೆಗಳಲ್ಲಿದೆ. ನಾವು ಮಾಡಹೊರಟದ್ದು ಸಣ್ಣ ಆಸ್ಪತ್ರೆಗೂ ಎಟುಕುವ ಅಗ್ಗದ್ದನ್ನು. ಇಷ್ಟು ವರ್ಷಗಳಲ್ಲಿ ನಮ್ಮ ಹೆಲ್ಮೆಟ್ಟು ವಾಸಿ ಮಾಡಿದ್ದು ಒಂದು ಜೆಲ್ಲಿಯ ಮುದ್ದೆ, ಮತ್ತು ಕಸಾಯಿ ಅಂಗಡಿಯಿಂದ ತಂದು ನೆನೆಹಾಕಿದ ಒಂದು ಮೇಕೆಯ ಬುರುಡೆ. ಎರಡಕ್ಕೂ ಮೊದಲೇ ನಡುಕವಿರಲಿಲ್ಲ.

ನಮ್ಮ ಮುಖ್ಯಸ್ಥರು ಈ ಯಂತ್ರವನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ. ಮಾತೆತ್ತಿದರೆ ‘ಇದರ ಇಂಪ್ಯಾಕ್ಟ್ ಏನು?’ ಅನ್ನುವುದರಿಂದ ಬೆನ್ನ ಹಿಂದೆ ಅವರಿಗೆ ಇಂಪ್ಯಾಕ್ಟ್ ಸಾರ್ ಎಂದೇ ಹೆಸರು. ಅನುದಾನ ಕೊಡುವ ನಿಧಿಯವರು ವರ್ಷಕ್ಕೊಂದು ಘೋಷವಾಕ್ಯ ಹಿಡಿದು ಬರುತ್ತಾರೆ, ಇವರು ಅದಕ್ಕೆ ತಕ್ಕ ಹಾಗೆ ಕುಣಿಯುತ್ತಾರೆ. ಒಂದು ವರ್ಷ ‘ವೃದ್ಧಾಪ್ಯ’ ಅಂದರು, ನಮ್ಮ ಹೆಲ್ಮೆಟ್ಟು ವೃದ್ಧರದ್ದಾಯಿತು. ಮರುವರ್ಷ ‘ಯುವಜನ’ ಅಂದರು, ಮುಪ್ಪಿನಲ್ಲಿ ಬರುವ ರೋಗಕ್ಕೆ ನಾನು ಎಲ್ಲೆಲ್ಲಿಂದಲೋ ಯುವಕರನ್ನು ಹುಡುಕಿ ತಂದೆ. ಅದರ ಮುಂದಿನ ವರ್ಷ ‘ಪರಿಸರ’. ಶಬ್ದದಿಂದ ಚಿಕಿತ್ಸೆ ಮಾಡಿದರೆ ಹತ್ತಿ, ಬ್ಯಾಂಡೇಜು ಉಳಿದು ಭೂಮಿ ತಂಪಾಗುತ್ತದೆಂದು ಎರಡು ಪುಟ ಬರೆದೆ. ಬರೆದದ್ದನ್ನು ಓದಿ ನನಗೇ ನಗು ಬಂತು. ಇಂಪ್ಯಾಕ್ಟ್ ಸಾರ್ ಮಾತ್ರ ಕಣ್ಣು ಮುಚ್ಚಿ, ‘ಇದರಲ್ಲಿ ಜೀವ ಇದೆ’ ಎಂದರು. ಪ್ರತಿ ವರ್ಷವೂ ಉತ್ತರ ಒಂದೇ: ‘ಆಲೋಚನೆ ಚೆನ್ನಾಗಿದೆ, ಇನ್ನಷ್ಟು ಬಲಪಡಿಸಿ ಮತ್ತೆ ಬನ್ನಿ.’ ಹೆಣ್ಣು ನೋಡಲು ಬಂದವರು ತಿಂಡಿ ತಿಂದು, ‘ಊರಿಗೆ ಹೋಗಿ ತಿಳಿಸ್ತೀವಿ’ ಅನ್ನುತ್ತಾರಲ್ಲ, ಹಾಗೆ.

ಆ ಸಲ ನಿಧಿಯವರು ತಂದ ಹೊಸ ಘೋಷವಾಕ್ಯ ‘ರೋಗಿಯ ದನಿ’. ಪ್ರತಿಯೊಂದು ತಂಡದಲ್ಲೂ ಆ ರೋಗವಿರುವ ಒಬ್ಬರು ಸದಸ್ಯರಾಗಿರಬೇಕು, ಸಂದರ್ಶನಕ್ಕೆ ಅವರೂ ಬರಬೇಕು. ಇಂಪ್ಯಾಕ್ಟ್ ಸಾರ್ ಒಂದು ವಾರ ಮುಖ ಗಂಟಿಕ್ಕಿಕೊಂಡು ಓಡಾಡಿದರು. ಕೈನಡುಕಕ್ಕೆ ಯಂತ್ರ ಮಾಡುತ್ತಿದ್ದ ಮನುಷ್ಯನಿಗೆ ಕೈ ನಡುಗುವ ಒಬ್ಬರ ಪರಿಚಯವೂ ಇರಲಿಲ್ಲ.

ನನಗಿತ್ತು. ಆದರೆ ನಾನು ಬಾಯಿ ಬಿಡಲಿಲ್ಲ. ಮಾವ ತಾವಾಗಿಯೇ ಬಂದು ಸಿಕ್ಕಿಬಿದ್ದರು.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ಕಾಲೇಜಿಗೆಂದು ಅವರ ಮನೆ ಸೇರಿದವಳು ನಾನು, ಇನ್ನೂ ಅಲ್ಲೇ ಇದ್ದೇನೆ. ಅವರು ಬಸ್ ಕಂಡಕ್ಟರ್ ಆಗಿದ್ದವರು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಚಿಲ್ಲರೆ ಎಣಿಸಿದ ಕೈ ಅದು. ಆ ಕೈ ನಡುಗಲು ಶುರುವಾದಾಗ ಯಾರೋ ಪ್ರಯಾಣಿಕರು, ‘ಕಂಡಕ್ಟರ್ ಕುಡಿದು ಡ್ಯೂಟಿಗೆ ಬರುತ್ತಾನೆ’ ಎಂದು ದೂರು ಬರೆದರು. ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯ. ಡಿಪೋದಲ್ಲಿ ಅವರ ಬಾಯಿ ಮೂಸಿ ನೋಡಿದರಂತೆ. ಅವರು ಮರುದಿನವೇ ಚೀಲ ಒಪ್ಪಿಸಿ ಮನೆಗೆ ಬಂದರು. ಅಂದಿನಿಂದ ಮಾವ ನಾಲ್ಕು ಜನರ ಮುಂದೆ ಏನನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಮಾತು ಮಾತ್ರ ನಡುಗಿಲ್ಲ. ಇಡೀ ಜಗತ್ತನ್ನು ಅವರು ಈಗಲೂ ಟಿಕೆಟ್ ಇಲ್ಲದ ಪ್ರಯಾಣಿಕರಂತೆಯೇ ನೋಡುತ್ತಾರೆ.

ನಾನು ಮರೆತು ಬಂದ ಬೀಗದ ಕೈಯನ್ನು ಕೊಡಲು ಅವರು ಒಂದು ದಿನ ಪ್ರಯೋಗಾಲಯಕ್ಕೆ ಬಂದರು. ಮೊದಲ ಸಲ ಬಂದವರೆಂದು ಯಾರೋ ಚಹಾ ಕೊಟ್ಟುಬಿಟ್ಟರು. ಬಟ್ಟಲೂ ತಟ್ಟೆಯೂ ಗಲಗಲ ಅಂದದ್ದು ಇಂಪ್ಯಾಕ್ಟ್ ಸಾರ್ ಕಿವಿಗೆ ಬಿತ್ತು. ಹಾಲು ಕಂಡ ಬೆಕ್ಕಿನ ಹಾಗೆ ಅವರು ಕೋಣೆಯಿಂದ ಹೊರಗೆ ಬಂದರು.

“ಯಾವಾಗಿಂದ ಹೀಗೆ?” ಅಂದರು. ಸ್ವರದಲ್ಲಿ ಮರುಕ, ಮುಖದಲ್ಲಿ ಹಬ್ಬ.

ಅರ್ಧ ಗಂಟೆಯಲ್ಲಿ ಮಾವನಿಗೆ ಹೆಲ್ಮೆಟ್ಟನ್ನು ತೋರಿಸಿದ್ದಾಯಿತು, ಜೆಲ್ಲಿಯ ಮುದ್ದೆಯಲ್ಲಿ ಬೆಂದ ಬಿಳಿ ಚುಕ್ಕೆ ತೋರಿಸಿದ್ದಾಯಿತು. ಮೇಕೆಯ ಬುರುಡೆಯನ್ನು ಬಟ್ಟೆ ಹಾಕಿ ಮುಚ್ಚಿದ್ದರು. ಕೊನೆಗೆ ಇಂಪ್ಯಾಕ್ಟ್ ಸಾರ್ ಅವರ ನಡುಗುವ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, “ಈ ಅನುದಾನ ಒಂದು ಬರಲಿ. ಮೊದಲ ನಂಬರ್ ನಿಮ್ಮದೇ” ಅಂದರು.

ಮಾವ ಆ ಮಾತನ್ನು ಮನೆಗೆ ಹೊತ್ತು ತಂದರು. ಕೆಟ್ಟದ್ದಾದದ್ದು ಅದೇ. ಯಾಕೆಂದರೆ ಆ ಹೊತ್ತಿಗೆ ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರು ಅವರಿಗೆ ಇನ್ನೊಂದು ದಾರಿ ತೋರಿಸಿದ್ದರು: ಬುರುಡೆಯಲ್ಲಿ ಸಣ್ಣ ತೂತು ಕೊರೆದು ಒಳಗೆ ತಂತಿ ಇಳಿಸುವ ಆಪರೇಷನ್. ಹಳೆಯ ವಿಧಾನ, ಆದರೆ ನಡೆದು ತೋರಿಸಿದ ವಿಧಾನ. ಆ ಆಸ್ಪತ್ರೆಯ ನಿಯಮ ಒಂದೇ, ಎಪ್ಪತ್ತು ತುಂಬಿದವರಿಗೆ ಮಾಡುವುದಿಲ್ಲ. ಮಾವನಿಗೆ ಎಪ್ಪತ್ತಕ್ಕೆ ಇನ್ನು ಎರಡು ವರ್ಷವೂ ಇರಲಿಲ್ಲ. ಆಪರೇಷನ್ನಿಗೆ ತಾರೀಕು ಕೂಡ ಕೊಟ್ಟಿದ್ದರು.

“ರದ್ದು ಮಾಡ್ಸು” ಅಂದರು ಮಾವ. “ಶಬ್ದದಲ್ಲೇ ಆಗೋ ಕೆಲಸಕ್ಕೆ ತಲೆಗೆ ಡ್ರಿಲ್ ಹಾಕಿಸ್ಕೊಳ್ಳೋಕೆ ನಾನೇನು ಗೋಡೆನಾ?”

“ಮಾವ, ನಮ್ಮ ಯಂತ್ರದಲ್ಲಿ ಮನುಷ್ಯರು ಕೂತ್ಕೊಳ್ಳೋಕೆ ಅನುದಾನ ಸಿಕ್ಕಿದ ಮೇಲೂ ಐದು ವರ್ಷ ಬೇಕು. ನಾನೇ ಬರೆದಿದ್ದೀನಿ ಅರ್ಜಿಯಲ್ಲಿ.”

“ನಿಮ್ಮ ಸಾಹೇಬ್ರು ಹಾಗನ್ನಲಿಲ್ಲ.”

“ಅವರು ಮೂಗಿಗೆ ತುಪ್ಪ ಸವರಿದ್ದಾರೆ.”

“ನಿಂಗೆ ಹೊಟ್ಟೆಕಿಚ್ಚು ಕಣೇ ಡಾಕ್ಟರಮ್ಮ” ಅಂದರು. ನಾನು ಓದಿ ಡಾಕ್ಟರ್ ಅನ್ನಿಸಿಕೊಂಡವಳು, ಸೂಜಿ ಹಿಡಿದವಳಲ್ಲ. ಅದಕ್ಕೆ ಅವರ ಬಾಯಲ್ಲಿ ಆ ಪದ ಯಾವಾಗಲೂ ಗೇಲಿಯೇ.

ಅತ್ತೆ ಪಾತ್ರೆ ಒರೆಸುತ್ತ ನಿಂತಿದ್ದರು. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ. ಇವರಿಗೆ ಕುಲಾವೀನೂ ತಯಾರಾಗಿಲ್ಲ, ಬರೀ ಅಳತೆ ತಗೊಂಡು ಕಳಿಸಿದ್ದಾರೆ” ಅಂದರು. ನನಗೆ ನಗು ಬಂತು, ಮಾವನಿಗೆ ಬರಲಿಲ್ಲ. ಆಪರೇಷನ್ನಿನ ತಾರೀಕನ್ನು ಮುಂದೂಡಿಸಿದರು.

ಸಂದರ್ಶನಕ್ಕೆ ಇಂಪ್ಯಾಕ್ಟ್ ಸಾರ್ ತಾಲೀಮು ಇಟ್ಟರು. ಮೇಜಿನ ಮೇಲೆ ಗಾಜಿನ ಲೋಟ, ಅಂಚಿನವರೆಗೆ ನೀರು. ಮಾವ ಒಂದೇ ಕೈಯಲ್ಲಿ ಎತ್ತಬೇಕು, ಚೆಲ್ಲಬೇಕು. “ನೀವು ತಿಳಿನೀಲಿ ಶರ್ಟ್ ಹಾಕ್ಕೊಂಡು ಬನ್ನಿ. ಒದ್ದೆ ಚೆನ್ನಾಗಿ ಕಾಣುತ್ತೆ” ಅಂದರು. “ನಾನು ಕೆಮ್ಮಿದಾಗ ಎತ್ತಿ. ಅದಕ್ಕಿಂತ ಮುಂಚೆ ಬೇಡ, ಆಗ ಪರದೆ ಮೇಲೆ ಗ್ರಾಫ್ ಇರುತ್ತೆ, ಅವರ ಕಣ್ಣು ಅಲ್ಲಿರುತ್ತೆ.” ಕೈ ನಡುಗುವವನಿಗೆ ನಡುಗುವುದನ್ನು ಕಲಿಸುವ ಮೇಷ್ಟರನ್ನು ನಾನು ಅಂದೇ ನೋಡಿದ್ದು. ನಾಚಿಕೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪಂಪಿನ ಪಕ್ಕಕ್ಕೆ ಹೋಗಿ ನೀರಿನಲ್ಲಿ ಏಳುವ ಗುಳ್ಳೆಗಳನ್ನು ನೋಡುತ್ತ ನಿಂತೆ. ನೀರಿನೊಳಗಿನ ಗಾಳಿಯಾದರೂ ಪಂಪು ಹಾಕಿದರೆ ಹೋಗುತ್ತದೆ.

ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಆ ಕಡೆ ಸಮಿತಿಯವರು, ಈ ಕಡೆ ನಾವು ಮೂವರು. ಗೋಡೆಗೆ ಒರಗಿಸಿಟ್ಟ ಒಂದು ಗಿಡ ಇತ್ತು, ಪ್ಲಾಸ್ಟಿಕ್ಕಿನದು, ಅದಕ್ಕೂ ಯಾರೋ ನೀರು ಹಾಕಿದ್ದರು. ಇಂಪ್ಯಾಕ್ಟ್ ಸಾರ್ ಹತ್ತು ನಿಮಿಷದಲ್ಲಿ ಜಗತ್ತನ್ನು ಉದ್ಧಾರ ಮಾಡಿ ಮುಗಿಸಿದರು. ಸಮಿತಿಯ ಅಧ್ಯಕ್ಷೆ, ಬಿಳಿ ಕೂದಲಿನ ಗಂಭೀರ ಹೆಂಗಸು, ಮಾವನ ಕಡೆ ತಿರುಗಿ, “ನಿಮ್ಮ ಅನುಭವ ಹೇಳಿ” ಅಂದರು.

ಇಂಪ್ಯಾಕ್ಟ್ ಸಾರ್ ಕೆಮ್ಮಿದರು.

ಮಾವ ಲೋಟವನ್ನು ನೋಡಿದರು. ಮತ್ತೆ ಕೆಮ್ಮು. ಮಾವ ತಲೆ ಬಗ್ಗಿಸಿ, ಲೋಟವನ್ನು ಎತ್ತದೆಯೇ ತುಟಿ ತಾಗಿಸಿ ಒಂದು ಗುಟುಕು ಹೀರಿದರು. ಆಮೇಲೆ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡೂ ಅಂಗೈಗಳ ನಡುವೆ ಲೋಟವನ್ನು ಬಿಗಿಹಿಡಿದು, ನಿಧಾನವಾಗಿ ಪೂರ್ತಿ ಕುಡಿದು ಕೆಳಗಿಟ್ಟರು. ತಿಳಿನೀಲಿ ಶರ್ಟಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಮೂರನೆಯ ಸಲ ಇಂಪ್ಯಾಕ್ಟ್ ಸಾರ್‌ಗೆ ಬಂದದ್ದು ನಿಜವಾದ ಕೆಮ್ಮು.

“ಅಮ್ಮಾ, ಲೋಟ ತುಂಬಾ ತುಂಬಿಸ್ಬಿಟ್ಟಿದ್ದಾರೆ. ಓವರ್‌ಲೋಡ್ ಆದ್ರೆ ನಮ್ಮಲ್ಲಿ ಕೇಸ್ ಹಾಕ್ತಾರೆ” ಅಂದರು ಮಾವ. ಸಮಿತಿ ನಕ್ಕಿತು. ಆಮೇಲೆ ಅವರು ದೂರಿನ ಕತೆ ಹೇಳಿದರು, ಡಿಪೋದಲ್ಲಿ ಬಾಯಿ ಮೂಸಿದ್ದನ್ನು ಹೇಳಿದರು. ಯಾರೂ ನಗಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಬಂದ ಮೇಲೆ ಇಂಪ್ಯಾಕ್ಟ್ ಸಾರ್ ನಮ್ಮನ್ನು ಬಿಟ್ಟು ಮುಂದೆ ನಡೆದರು. ನಾನು ಮಾವನನ್ನು ಕೇಳಿದೆ, ಯಾಕೆ ಹಾಗೆ ಮಾಡಿದಿರಿ ಎಂದು.

“ನಾಲ್ಕು ಜನರ ಮುಂದೆ ಚೆಲ್ಲಬಾರದು ಅಂತ ಇಷ್ಟು ವರ್ಷ ಒದ್ದಾಡಿ ಕಲ್ತಿದ್ದೀನಿ” ಅಂದರು. “ಆ ಮನುಷ್ಯ ಕೆಮ್ಮಿದ ಅಂತ ಚೆಲ್ಲಿಬಿಡ್ಲಾ?”

ಆ ಕ್ಷಣ ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅಲ್ಲಿಂದಲೇ ಸೀದಾ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ತಂತಿ ಹಾಕಿಸಿಬಿಡೋಣ ಅನ್ನಿಸಿತು. ಹೋಗಬೇಕಿತ್ತು.

ಫಲಿತಾಂಶ ಬಂತು. ‘ರೋಗಿಯ ಭಾಗವಹಿಸುವಿಕೆ ಅತ್ಯುತ್ತಮ. ವಿಜ್ಞಾನವನ್ನು ಬಲಪಡಿಸಿ ಮತ್ತೆ ಬನ್ನಿ.’ ಇಷ್ಟು ನಮಗೆ. ಮಾವನಿಗೆ ಅಧ್ಯಕ್ಷೆಯೇ ಫೋನ್ ಮಾಡಿದರು. ಇನ್ನು ಮೇಲೆ ನಿಧಿಯ ಸಮಿತಿಯಲ್ಲೂ ಒಬ್ಬ ರೋಗಿ ಸದಸ್ಯರು ಇರಬೇಕಂತೆ, ಮೂರು ವರ್ಷದ ಅವಧಿಗೆ. ರೋಗದ ಜತೆ ಬದುಕುತ್ತಿರುವವರೇ ಆಗಬೇಕು. ಅಷ್ಟು ಸ್ಪಷ್ಟವಾಗಿ ಮಾತಾಡುವವರನ್ನು ತಾವು ಕಂಡಿಲ್ಲ, ದಯವಿಟ್ಟು ಒಪ್ಪಿಕೊಳ್ಳಬೇಕು ಎಂದರು.

ಮಾವ ಒಪ್ಪಿಕೊಳ್ಳುವುದಕ್ಕೆ ತೆಗೆದುಕೊಂಡ ಹೊತ್ತು, ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸುವಷ್ಟು.

ಮೊದಲ ಸಭೆಯಿಂದ ಬಂದ ಮಾವ ಬೇರೆಯೇ ಮನುಷ್ಯ. “ಕಾಫಿ ಕೊಟ್ರು” ಅಂದರು. “ನಾನು ಬಟ್ಟಲು ಎತ್ತಿ, ಕುಡಿದು, ಕೆಳಗಿಡೋವರೆಗೂ ಯಾರೂ ಮಾತು ಮುಂದುವರಿಸಲಿಲ್ಲ ಕಣೇ. ಅಧ್ಯಕ್ಷೆ ‘ನಿಧಾನ, ನಿಧಾನ’ ಅಂದ್ರು. ಇಡೀ ಕೋಣೆ ಕಾಯ್ತಿತ್ತು.”

ಅತ್ತೆಯನ್ನೂ ಕರೆದು ಅದನ್ನೇ ಇನ್ನೊಮ್ಮೆ ಹೇಳಿದರು. ಅಂಗಡಿಯಲ್ಲಿ ಅವರು ಚಿಲ್ಲರೆ ಎಣಿಸುವಾಗ ಹಿಂದೆ ನಿಂತವರು ಉಸ್ಸೆನ್ನುತ್ತಾರೆ. ಮೊನ್ನೆ ಒಬ್ಬ ಅಂಗಡಿಯವ ಅವರ ಅಂಗೈಯಿಂದ ತಾನೇ ನಾಣ್ಯ ಆರಿಸಿಕೊಂಡಿದ್ದ, ಮಗುವಿನ ಕೈಯಿಂದ ಆರಿಸಿಕೊಂಡಂತೆ. ಮನೆಯಲ್ಲಿ ಅತ್ತೆಗೂ ಕಾಯುವಷ್ಟು ಪುರುಸೊತ್ತು ಇಲ್ಲ. ಹಾಗಾಗಿ ಮೊದಲ ದಿನ ನಾನು ಏನೂ ಅನ್ನಲಿಲ್ಲ, ಖುಷಿಯಾಗಿಯೇ ಕೇಳಿದೆ.

ಆದರೆ ಮಾವನ ತಲೆಗೆ ಕುರ್ಚಿ ಏರಿತು. ಅದು ಏರುವುದಕ್ಕೆ ಹೆಲ್ಮೆಟ್ಟು ಬೇಕಾಗಲಿಲ್ಲ, ನೀರು ಬೇಕಾಗಲಿಲ್ಲ. ಚರ್ಮದ ಚೀಲ ಬಂತು. ಸಭೆಯ ಹಿಂದಿನ ಸಂಜೆ ಅತ್ತೆ ಅವರಿಗೆ ಗಡ್ಡ ಹೆರೆದುಕೊಡಬೇಕು, ಅದೂ ‘ಮೀಸೆ ಎರಡೂ ಕಡೆ ಸಮ ಇರ್ಲಿ, ವಿಡಿಯೋ ತೆಗೀತಾರೆ’ ಎಂಬ ಸೂಚನೆಯ ಜತೆ. ಊಟದ ಮೇಜಿನ ಮೇಲೆ ಅರ್ಜಿಗಳ ರಾಶಿ. ಕಾಗದ ಹಿಡಿದರೆ ಅಕ್ಷರ ಕುಣಿಯುವುದರಿಂದ ನಾನು ಓದಿ ಹೇಳಬೇಕು. ಯಾರದೋ ನಾಲ್ಕು ವರ್ಷದ ದುಡಿಮೆಯನ್ನು ಮಾವ ಕಣ್ಣು ಅರೆಮುಚ್ಚಿ ಕೇಳಿ, “ಎಲ್ಲಾ ಸರಿ. ಆದ್ರೆ ಇದರ ಇಂಪ್ಯಾಕ್ಟ್ ಏನು?” ಅನ್ನುತ್ತಿದ್ದರು.

ಆ ಪದ ಅವರ ಬಾಯಲ್ಲಿ ಮೊದಲ ಸಲ ಕೇಳಿದಾಗ ನಾನು ಕಾಗದ ಕೆಳಗಿಟ್ಟೆ. ಒಂದು ಇಂಪ್ಯಾಕ್ಟಿನ ಕೈಕೆಳಗೆ ಹಗಲು ದುಡಿದು ಬಂದು, ಇನ್ನೊಂದು ಇಂಪ್ಯಾಕ್ಟಿಗೆ ಸಂಜೆ ಓದಿ ಹೇಳುವ ಹಣೆಬರಹ ಯಾರಿಗೂ ಬೇಡ.

“ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ಕೊಂಡನಂತೆ” ಅಂದರು ಅತ್ತೆ.

“ಹಿಡ್ಕೋಬೇಕು. ಕೈ ನಡುಗಿದ್ರೂ ಹಿಡ್ಕೋಬೇಕು” ಅಂದರು ಮಾವ.

ಅಷ್ಟರಲ್ಲಿ ಮುಂದಿನ ಸಾಲಿನ ಅರ್ಜಿಯ ಹೊತ್ತು ಬಂತು. ನಾನು ಗಾಳಿ ತುಂಬಿಸಿ ಸಿದ್ಧಮಾಡಿದೆ, ಇಂಪ್ಯಾಕ್ಟ್ ಸಾರ್ ಸಹಿ ಹಾಕಿದರು, ಕಳಿಸಿದೆವು. ಒಂದೇ ವಾರದಲ್ಲಿ ಹಿಂದಕ್ಕೆ ಬಂತು. ಓದಿಯೂ ಇರಲಿಲ್ಲ, ಜತೆಗೊಂದು ಚೀಟಿ: ‘ನಿಮ್ಮ ತಂಡದವರ ಹತ್ತಿರದ ಸಂಬಂಧಿಯೊಬ್ಬರು ಸಮಿತಿಯಲ್ಲಿದ್ದಾರೆ. ಅವರ ಅವಧಿ ಮುಗಿಯುವವರೆಗೆ ನಿಮ್ಮ ಪ್ರಯೋಗಾಲಯದ ಅರ್ಜಿಯನ್ನು ಪರಿಗಣಿಸುವಂತಿಲ್ಲ.’

ಇಂಪ್ಯಾಕ್ಟ್ ಸಾರ್ ಮುಖ ಸುಟ್ಟ ಬದನೆಕಾಯಿಯಾಯಿತು. “ನಿಮ್ಮ ಮಾವನಿಗೆ ಹೇಳಿ, ರಾಜೀನಾಮೆ ಕೊಡ್ಲಿ. ಅವರ ಒಳ್ಳೇದಕ್ಕೇ ಹೇಳ್ತಿದ್ದೀನಿ. ಮೊದಲ ನಂಬರ್ ಅವರದೇ ಅಲ್ವಾ?”

“ಸಾರ್, ಐದು ವರ್ಷ ಅಂತ ನಾವೇ ಬರೆದಿದ್ದೀವಿ” ಅಂದೆ.

“ಅದು ಸಮಿತಿಗೆ ಬರೆದದ್ದು ಕಣಮ್ಮ. ರೋಗಿಗೆ ಹಾಗೆಲ್ಲ ಹೇಳಬಾರದು, ಅವರಿಗೆ ಆಸೆ ಬೇಕು” ಅಂದರು, ನನಗೆ ಕರುಣೆಯ ಪಾಠ ಹೇಳುವ ಧಾಟಿಯಲ್ಲಿ. ಅವರ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಕಾಯಂ ಆಗದ ಕೆಲಸದವರು ಉಗುಳು ನುಂಗಿಕೊಳ್ಳುತ್ತಾರೆ, ನಾನೂ ನುಂಗಿಕೊಂಡೆ.

ಮನೆಗೆ ಬಂದು ಹೇಳಿದೆ. ಮಾವನಿಗೆ ಆಶ್ಚರ್ಯವಾಗಲಿಲ್ಲ. “ಐದು ವರ್ಷದ ವಿಷಯ ನಂಗೊತ್ತು” ಅಂದರು. “ಮೊನ್ನೆ ಸಭೇಲಿ ನಿಮ್ಮ ಹಾಗೇ ಹೆಲ್ಮೆಟ್ ಮಾಡೋರು ಇನ್ನೊಬ್ರು ಬಂದಿದ್ರು. ಅವರ ಜತೇಲೂ ಒಬ್ಬ ಮುದುಕ, ಕೈ ನಂದಕ್ಕಿಂತ ಜೋರು. ಹೊರಗೆ ಬೆಂಚ್ ಮೇಲೆ ನಂಜೊತೆ ಹೇಳ್ದ, ‘ಮೊದಲ ನಂಬರ್ ನಂದೇ’ ಅಂತ. ಒಳಗೆ ಬಂದಾಗ ನಾನು ಅವರ ಸಾಹೇಬನ್ನ ಕೇಳ್ದೆ, ಮೊದಲ ರೋಗಿ ಯಾವಾಗ ಹತ್ತುತ್ತಾರೆ ಅಂತ. ‘ಐದನೇ ವರ್ಷ, ಮುಂದಿನ ಅನುದಾನ ಸಿಕ್ಕಿದ್ರೆ’ ಅಂದ. ಆ ಮುದುಕನ ಪಕ್ಕದಲ್ಲೇ ಕೂತ್ಕೊಂಡು ಅಂದ.”

“ಮುದುಕರು ಏನಂದ್ರು?”

“ಏನನ್ನಲಿಲ್ಲ. ತಿಳಿನೀಲಿ ಶರ್ಟ್ ಹಾಕಿದ್ದ.”

ನಾನು ಇದೇ ಸಮಯವೆಂದು, “ಹಾಗಾದ್ರೆ ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ. ಎಪ್ಪತ್ತು ತುಂಬೋಕೆ ಇನ್ನೂ ಎರಡು ತಿಂಗಳಿದೆ” ಅಂದೆ. ಅತ್ತೆ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಹಾಗೇ ನಿಂತರು. ಮಾವ ಹೂಂ ಅಂದರು. ನಾನು ಗೆದ್ದೆ ಅಂದುಕೊಂಡೆ.

ಡಾಕ್ಟರು ಒಳ್ಳೆಯವರು. ಬೈಯಲಿಲ್ಲ, ಪಟ್ಟಿಯಲ್ಲಿ ಹೇಗೋ ಜಾಗ ಮಾಡಿ ಹುಟ್ಟುಹಬ್ಬಕ್ಕೆ ಮೊದಲು ಒಂದು ತಾರೀಕು ಕೊಟ್ಟರು. “ಇನ್ನೊಂದು ಸಲ ಮುಂದೂಡಿದ್ರೆ ನನ್ನ ಕೈಲಿಲ್ಲ” ಎಂದರು. ಕೈ ಪೂರ್ತಿ ನಿಲ್ಲದಿದ್ದರೂ ತಾವೇ ಗಡ್ಡ ಹೆರೆದುಕೊಳ್ಳುವಷ್ಟು, ತುಂಬಿದ ಬಟ್ಟಲು ಎತ್ತುವಷ್ಟು ಆಗಬಹುದು ಎಂದರು. ಬರುವಾಗ ಮಾವ ಹುಡುಗನ ಹಾಗೆ ಮೆಟ್ಟಿಲಿಳಿದರು.

ಆ ಖುಷಿಯಲ್ಲೇ ಅಧ್ಯಕ್ಷೆಗೆ ಫೋನ್ ಮಾಡಿ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಅಧ್ಯಕ್ಷೆಗೆ ಮನಸಾರೆ ಸಂತೋಷವಾಯಿತು, ಅದರಲ್ಲಿ ಕಪಟವಿರಲಿಲ್ಲ. “ತುಂಬಾ ಒಳ್ಳೆ ಸುದ್ದಿ. ಕೈ ಸರಿಹೋದ ಮೇಲೆ ನಾವು ಬೇರೆ ರೋಗಿ ಸದಸ್ಯರನ್ನ ನೋಡ್ಕೋಬೇಕಾಗುತ್ತೆ ಅಷ್ಟೆ, ನಿಯಮ ಹಾಗಿದೆ. ನಿಮ್ಮನ್ನ ತುಂಬಾ ನೆನೆಸ್ಕೋತೀವಿ” ಎಂದರು.

ಮಾವ ಫೋನ್ ಕೆಳಗಿಟ್ಟರು. ಅದು ಮೇಜಿನ ಅಂಚಿಗೆ ಬಡಿದು ಗಲಗಲ ಅಂದಿತು.

ಮರುದಿನ ಬೆಳಿಗ್ಗೆ, “ಈ ಸಾಲಿನ ಅರ್ಜಿಗಳು ಅರ್ಧಕ್ಕೆ ನಿಂತಿವೆ. ಬಿಟ್ಟು ಹೋದ್ರೆ ಚೆನ್ನಾಗಿರಲ್ಲ. ಇದೊಂದು ಟ್ರಿಪ್ ಮುಗಿಸಿ ಆಪರೇಷನ್” ಅಂದರು.

ನಾನು ಕೂಗಾಡಿದೆ. ಅವರನ್ನು ಕುರ್ಚಿಗೆ ಅಂಟಿದ ಅಂಟು ಅಂದೆ, ಇಂಪ್ಯಾಕ್ಟ್ ಸಾರ್‌ಗಿಂತ ಕಡೆ ಅಂದೆ. ಆ ಕುರ್ಚಿಯಲ್ಲಿ ಕೂತು ನಮ್ಮ ಯಂತ್ರದ ಬಾಗಿಲನ್ನೂ ಮುಚ್ಚಿದ್ದೀರಿ, ಡಾಕ್ಟರ ಬಾಗಿಲನ್ನೂ ಮುಚ್ಚುತ್ತಿದ್ದೀರಿ, ಎರಡು ಕಡೆಯೂ ನೀವೇ ಬೀಗ ಹಾಕಿಕೊಂಡು ನಡುವೆ ನಡುಗುತ್ತ ಕೂತಿರುತ್ತೀರಿ ಅಂದೆ. ಹಿರಿಯರಿಗೆ ಅನ್ನಬಾರದ್ದೆಲ್ಲ ಅಂದೆ.

ಅತ್ತೆ ಕೂಗಾಡಲಿಲ್ಲ. ಅವರ ಎದುರಿಗೆ ಕೂತು, “ನಾನು ಕಾಯ್ತೀನ್ರೀ. ಇನ್ಮೇಲೆ ನೀವು ಕುಡಿದು ಮುಗಿಸೋವರೆಗೂ ನಾನು ಕಾಯ್ತೀನಿ. ಆ ಜನ ಯಾಕೆ ಬೇಕು?” ಎಂದು ಕೇಳಿದರು.

ಮಾವ ಚರ್ಮದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. “ನೀನು ಕಾಯೋದು ಬೇರೆ ಕಣೇ” ಅಂದರು. ಅಷ್ಟೆ. ಚರ್ಮದ ಚೀಲ ಹೆಗಲಿಗೇರಿಸಿ ಹೊರಟರು.

ಟ್ರಿಪ್ಪು ಮುಗಿಯಲಿಲ್ಲ. ಅಂಥವು ಮುಗಿಯುವುದಿಲ್ಲ. ಒಂದು ಸಭೆ ಮುಂದಕ್ಕೆ ಹೋಯಿತು, ಇನ್ನೊಂದು ಎರಡಾಯಿತು. ಆಪರೇಷನ್ನಿನ ದಿನ ಮಾವ ಉದ್ದನೆಯ ಮೇಜಿನ ಹಿಂದೆ ಕೂತು ಯಾರೋ ಅಪರಿಚಿತರ ಇಂಪ್ಯಾಕ್ಟ್ ಕೇಳುತ್ತಿದ್ದರು. ಎಪ್ಪತ್ತು ತುಂಬಿದ ದಿನ ಸಮಿತಿಯವರು ಹೂಗುಚ್ಛ ಕಳಿಸಿದರು. ಅತ್ತೆ ಅದನ್ನು ಬಾಗಿಲ ಹೊರಗೇ ಇಟ್ಟರು.

ಆದರೂ ಹುಟ್ಟುಹಬ್ಬ ಕಳೆದ ಮೇಲೆ ಮಾವನೇ, “ಒಂದ್ಸಲ ಕೇಳ್ಕೊಂಡು ಬರೋಣ, ನಾಲ್ಕು ದಿನ ಹೆಚ್ಚುಕಮ್ಮಿ ಆದ್ರೆ ಏನು ಮಹಾ” ಎಂದರು. ದೊಡ್ಡಾಸ್ಪತ್ರೆಗೆ ನಾನು ಜತೆಗೆ ಹೋದೆ. ಡಾಕ್ಟರು ಅವರ ಕಡತ ತೆರೆದರು, ಹುಟ್ಟಿದ ತಾರೀಕು ನೋಡಿದರು, ಮುಚ್ಚಿದರು. “ನಾನು ಹೇಳಿದ್ದೆ” ಎಂದು ಅವರು ಅನ್ನಬಹುದಿತ್ತು, ಅನ್ನಲಿಲ್ಲ. ಅದೇ ಹೆಚ್ಚು ಹಿಂಸೆಯಾಯಿತು. ಮಾತ್ರೆ ಬರೆದುಕೊಟ್ಟರು, ಅದು ಮೊದಲೂ ಕೆಲಸ ಮಾಡಿರದ ಮಾತ್ರೆ.

ಬಸ್ಸಿನಲ್ಲಿ ಮನೆಗೆ ಹೊರಟೆವು. ಟಿಕೆಟ್ಟನ್ನು ತಾವೇ ತೆಗೆಯುತ್ತೇನೆಂದು ಮಾವ ಹಟ ಹಿಡಿದರು, ಅದೊಂದು ಅವರ ಯಾವತ್ತಿನ ಜಂಬ. ಕಂಡಕ್ಟರ್ ಹೊಸಬ, ಚುರುಕಾಗಿದ್ದ. ಟಿಕೆಟ್ ಹರಿದು, ಚಿಲ್ಲರೆಯನ್ನು ಅವರ ಅಂಗೈಗೆ ಹಾಕಿದ. ಅಂಗೈ ನಿಲ್ಲಲಿಲ್ಲ. ನಾಣ್ಯಗಳು ಒಂದೊಂದಾಗಿ ಜಾರಿ ಸೀಟಿನ ಕೆಳಗೆ ಉರುಳಿದವು. ಹಿಂದಿನವರು ಕಾಲು ಎತ್ತಿಕೊಂಡರು. ಕಂಡಕ್ಟರ್ ಒಂದು ಗಳಿಗೆ ಮಾವನ ಕೈ ನೋಡಿ, ಮುಖ ನೋಡಿ, ಮುಂದಕ್ಕೆ ಸರಿಯುತ್ತ ಡ್ರೈವರ್ ಕಡೆಗೆ, “ಹಗಲು ಹೊತ್ತಲ್ಲೇ ಹಾಕ್ಕೊಂಡು ಬಂದುಬಿಡ್ತಾರೆ” ಅಂದ.

ನಾನು ಏಳಲು ಹೋದೆ. ಮಾವ ನನ್ನ ತೋಳು ಹಿಡಿದು ಕೂರಿಸಿದರು. ಅವರ ಕೈಯ ಜತೆ ನನ್ನ ತೋಳೂ ನಡುಗತೊಡಗಿತು. ಅಲ್ಲಿ ಸಮಿತಿಯಿರಲಿಲ್ಲ, ‘ನಿಧಾನ, ನಿಧಾನ’ ಅನ್ನುವ ಅಧ್ಯಕ್ಷೆ ಇರಲಿಲ್ಲ. ಎಪ್ಪತ್ತು ವರ್ಷದ ಒಬ್ಬ ಮನುಷ್ಯ ಇದ್ದರು, ಅಷ್ಟೆ. ಬೈಯಲು ನನ್ನ ಹತ್ತಿರ ಎಷ್ಟೋ ಮಾತುಗಳಿದ್ದವು, ಇಂಪ್ಯಾಕ್ಟ್ ಸಾರ್‌ಗೆ, ನಿಧಿಗೆ, ಅವರಿಗೇ. ಅವನ್ನೆಲ್ಲ ಬದಿಗಿಟ್ಟು ಅವರಿಗೆ ಒತ್ತಿಕೊಂಡು ಕೂತೆ.

ಎರಡು ಸ್ಟಾಪ್ ದಾಟಿದ ಮೇಲೆ ಅವರು ಕಿಟಕಿಯ ಆಚೆ ನೋಡುತ್ತಲೇ ಕೇಳಿದರು. “ನಿಮ್ಮ ಮಿಷನ್ ಯಾವಾಗ ರೆಡಿ ಆಗುತ್ತೇ?”

ಅವರು ಆ ಕುರ್ಚಿಯಲ್ಲಿರುವವರೆಗೆ ನಮ್ಮ ಅರ್ಜಿಯನ್ನು ಯಾರೂ ತೆರೆದೂ ನೋಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದಾದ ಮೇಲೆ ಐದು ವರ್ಷ ಎಂಬುದೂ ಗೊತ್ತಿತ್ತು. ಬೇರೆಯವರಿಂದ ಅದನ್ನು ಬಾಯಿಬಿಡಿಸಿದವರು ಅವರೇ.

“ಆಗುತ್ತೆ, ಮಾವ” ಅಂದೆ. “ಮೊದಲ ನಂಬರ್ ನಿಮ್ಮದೇ.”

ಮಾವ ನನ್ನ ಕಡೆ ತಿರುಗಿದರು. ಎಲ್ಲಿ ಹತ್ತಿದ್ದು ಎಂದು ಟಿಕೆಟ್ ಇಲ್ಲದವರನ್ನು ನೋಡುವ ಆ ಹಳೆಯ ನೋಟದಿಂದ ನನ್ನನ್ನು ಒಮ್ಮೆ ನೋಡಿದರು. ಆಮೇಲೆ, ಹಿಡಿದ ನನ್ನ ತೋಳನ್ನು ಬಿಡದೆಯೇ, “ಅದ್ರಲ್ಲೂ ಕಿಟಕಿ ಪಕ್ಕದ ಸೀಟು ಕೊಡ್ಸು” ಅಂದರು.

ನಾನು ಇನ್ನೊಂದು ಕೈಯಿಂದ ಸೀಟಿನ ಕೆಳಗೆ ನಾಣ್ಯ ಹುಡುಕತೊಡಗಿದೆ.